ಗರಗಸದ ಹೊಟ್ಟು

ಮೂವತ್ತು ವರ್ಷ ಕುವೊಪಿಯೊದಲ್ಲಿ ಟಪಾಲು ಹಂಚಿದ ಮಂಡಿ
ಇರ್ಮೆಲಿಯದು. ಈಗ ಅದಕ್ಕೂ ಡಾಂಬರಿಗೂ
ಎಣ್ಣೆ-ಸೀಗೆಕಾಯಿ.

ನಕ್ಷೆ ಹರಡಿ ಹುಡುಕಿದಳು.
ಮೆತ್ತನೆಯ ದಾರಿಗಳೆಲ್ಲ
ಬಸ್ಸು ಹಿಡಿಯುವಷ್ಟು ದೂರ.

ನವೆಂಬರು. ಮೂರೂವರೆಗೇ ಕತ್ತಲು.
ಕಸದ ತೊಟ್ಟಿಗಳ ಹಿಂದೆ, ಬರ್ಚ್ ಮರಗಳ ಸಂದಿಯಲ್ಲಿ
ಪಕ್ಕದ ಮನೆಯ ನಾಯಿ ನುಸುಳಿದ್ದು ಕಂಡು
ತಾನೂ ಬಗ್ಗಿ ನುಸುಳಿದರೆ—
ಗರಗಸದ ಹೊಟ್ಟು ಹಾಸಿದ ಹಾದಿ,
ಒದ್ದೆ, ಕಂದು,
ಹುದುಗಿದ ರೈ ಹಿಟ್ಟಿನ ಹಾಗೆ
ಅದುಮಿದರೆ ಮೆಲ್ಲಗೆ ಏಳುವಂಥದು.
ದೀಪದ ಕಂಬ ಎಂಟು; ಮೂರು ಉರಿಯುತ್ತಿಲ್ಲ.

ಓಡಿದಳು. ಸದ್ದೇ ಇಲ್ಲ.
ಯಾರದೋ ಕಾಲೆನಿಸಿ
ಒಮ್ಮೆ ನಿಂತು ನೋಡಿಕೊಂಡಳು.

ಈ ಬೀದಿಯ ಒಂದೊಂದು ಬಾಗಿಲಿನ ಹೆಸರೂ
ಬಾಯಿಪಾಠ ಅವಳಿಗೆ.
ಇಲ್ಲಿಗೆ ಮಾತ್ರ
ಯಾರೂ ಒಂದು ಕಾಗದ ಬರೆದಿರಲಿಲ್ಲ.