ಮೂರು ಬಟ್ಟಲಿನ ಕ್ಯಾರಿಯರ್

ಬೆಳಗಿನಿಂದ ತಿಬ್ಬಯ್ಯನ ಟೀ ಅಂಗಡಿಯಲ್ಲಿ ಒಂದೇ ಪಂಚಾಯ್ತಿ:
ಚೆಲುವರಾಜನ ಪಾತ್ರ ಯಾರಿಗೆ?
'ಆ ಆರಡಿ ಹುಡುಗನಿಗಂತೆ ಕಣ್ಲಾ,
ಎದೆ ಬಿಚ್ಕೊಂಡು ಪೋಸ್ಟರಲ್ಲಿ ನಿಂತವ್ನಲ್ಲ.'
'ಅಯ್ಯೋ ಬುಡು. ಕಾಂಪೌಂಡರು ನನ್ನ ಭುಜಕ್ಕೆ ಬರ್ತಿರಲಿಲ್ಲ.
ಹೆಸರಲ್ಲಷ್ಟೇ ಚೆಲುವ. ಒಂದು ಕಣ್ಣು ಮದ್ದೂರಿನ ಕಡೆ,
ಇನ್ನೊಂದು ಶ್ರೀರಂಗಪಟ್ಣದ ಕಡೆ.'
'ಅದಕ್ಕೇ ಅಲ್ವಾ ಎಲ್ರೂ ನಂಬಿದ್ದು.'
ಹೀಗೆ ಟೀ ಆರುತ್ತದೆ,
ಕೊಲೆ ಬಿಸಿಯಾಗುತ್ತದೆ.

ನಾನು ಪೇಟೆ ಬೀದಿಯ ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತು
ಹೆಸರು ಕೊರೆಯುವವನು.
ಮಂಡ್ಯದ ಅರ್ಧ ಅಡುಗೆಮನೆಗಳಲ್ಲಿ ನನ್ನ ಅಕ್ಷರ
ಬೂದಿ ಹುಣಿಸೆಹಣ್ಣಿಗೆ ಮೈಕೊಟ್ಟು ಸವೆಯುತ್ತಿದೆ.
ಆಗ ಅಕ್ಷರಕ್ಕೆ ಹತ್ತು ಪೈಸೆ, ಒತ್ತಿಗೆ ಬೇರೆ ಕಾಸಿಲ್ಲ.
ದೊಡ್ಡಾಸ್ಪತ್ರೆಯ ಬಿಳಿ ಸೀರೆಯಲ್ಲಿ ಬಂದವಳು
ಮೂರು ಬಟ್ಟಲಿನ ಕ್ಯಾರಿಯರ್ ಮುಂದಿಟ್ಟಳು.
'ಯಾರ ಹೆಸರು ತಾಯಿ, ಯಜಮಾನರದಾ?'
'ಅನ್ನ ನಾನು ದುಡಿದದ್ದು. ಇಂದ್ರಾಣಿ ಅಂತ ಹಾಕಿ. ಮೂರಕ್ಕೂ.'
ಮುಂದಿನ ಹಲ್ಲೊಂದು ತುಟಿಯ ಮಾತು ಕೇಳದೆ ಹೊರಗಿತ್ತು,
ಅವಳು ನಗುವ ಮೊದಲೇ ಅದು ನಗುತ್ತಿತ್ತು.
ಪಾತ್ರಕ್ಕೆ ಬಂದಿರುವ ಮುಂಬೈ ಹುಡುಗಿಯ ಹಲ್ಲುಗಳು
ಪೆರೇಡಿಗೆ ನಿಂತ ಹಾಗಿವೆ.

ಅವಳು ಸಿಕ್ಕಿದ್ದು ಹೇಗೆ, ಎಲ್ಲಿ,
ಅದನ್ನು ಎಲ್ಲರೂ ಹೇಳಿದ್ದಾರೆ. ನಾನು ಹೇಳುವುದಿಲ್ಲ.
ನಾಲೆಯ ನೀರು ನಿಲ್ಲಿಸಿದ ದಿನ
ಕೆಸರಿನಲ್ಲಿ ಎರಡು ಬಟ್ಟಲು ಸಿಕ್ಕವು.
ಬಟ್ಟೆ ಸುತ್ತಿ, ಅರಗು ಒತ್ತಿ,
ಅವಕ್ಕೆ ಇನ್ನೊಂದು ಹೆಸರಿಟ್ಟರು: ಮುದ್ದೆಮಾಲು.
ನಮ್ಮ ಕಡೆ ಮುದ್ದೆ ಅಂದರೆ ಬೇರೆ.
ಕಟಕಟೆಯಲ್ಲಿ ಆ ಮಾತು ಕೇಳಿ ನನಗೆ ಹಸಿವಾಯಿತು,
ನಾಚಿಕೆ ಇವತ್ತಿಗೂ ಹೋಗಿಲ್ಲ.
'ಅಕ್ಷರ ನಿಮ್ಮದೇನಾ?'
'ನಂದೇ ಸ್ವಾಮಿ. ಗುಡಿಸನ್ನ ನಾನು ಹೀಗೇ ತಿರುಗಿಸೋದು.'
ಕೆಳಗಿನ ಕೋರ್ಟು ಅವನೇ ಅಂದಿತು,
ಮೇಲಿನ ಕೋರ್ಟು ಸಂಶಯದ ಲಾಭ ಕೊಟ್ಟಿತು.
ಮೂರನೇ ಬಟ್ಟಲು ಸಿಗಲೇ ಇಲ್ಲ.
ಆ ಲಾಭ ಕೈ ಬದಲಾಗಿ
ಈಗ ನಿರ್ಮಾಪಕರ ಹತ್ತಿರ ಇದೆ.

ಮೊನ್ನೆ ಟೋಪಿ ಹಿಂದುಮುಂದು ಹಾಕಿದ ಹುಡುಗನೊಬ್ಬ
ಹೊಸ ಕ್ಯಾರಿಯರ್ ಹನ್ನೆರಡು ತಂದಿಳಿಸಿದ.
'ಟೇಕಿಗೊಂದು ನಾಲೆಗೆ ಬೀಳುತ್ತೆ ಸಾರ್.
ಹಳೇ ಥರ ಕೊರೀರಿ. ಹೆಸರು ಮಾತ್ರ ಮಾಯಾ.
ಲಾಯರು ಹೇಳಿದ್ದಾರೆ.'
ಎರಡೇ ಅಕ್ಷರ. ಒತ್ತಿಲ್ಲ, ಗುಡಿಸಿಲ್ಲ.
'ನನ್ನ ಪಾತ್ರ ಯಾರು ಮಾಡ್ತಾರಪ್ಪ?'
ತಮಾಷೆ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.
'ಕೈ ಮಾತ್ರ ಸಾರ್ ತೋರಿಸೋದು, ಕ್ಲೋಸಪ್ಪು.'
ನನ್ನ ಕೈ ನೋಡಿದ. 'ಇದಲ್ಲ. ಇದು ನಡುಗುತ್ತೆ.'
'ಮತ್ತೆ ಮೂರನೇ ಬಟ್ಟಲು?'
'ಅದೇ ಸಾರ್ ಕ್ಲೈಮ್ಯಾಕ್ಸು' ಅಂತ ಕಣ್ಣು ಮಿಟುಕಿಸಿದ.
ನಲವತ್ತು ವರ್ಷ ನಾಲೆ ಬಾಯಿಬಿಡದ್ದು
ಇವನ ಮೊಬೈಲಿನಲ್ಲಿದೆ.

ಮೂವತ್ತಾರು ಸಲ ಮಾಯಾ ಕೊರೆದೆ.
ಆಗಲ್ಲ ಅನ್ನಬಹುದಿತ್ತು. ದುಡ್ಡಿಗೆ ಅಂದರೆ ಸುಳ್ಳಾಗುತ್ತದೆ.
ಗೋಡೆಯಷ್ಟು ದೊಡ್ಡದಾಗಿ, ಬೆಳಕಿನಲ್ಲಿ,
ಒಂದು ಸಲ ನನ್ನ ಅಕ್ಷರ ನೋಡಬೇಕು.
ಮೊದಲ ದಿನ, ಮೊದಲ ಆಟ.
ಈ ಆಸೆಯನ್ನು ಯಾವ ಕಟಕಟೆಗೆ ಹತ್ತಿಸಲಿ?

ರಾತ್ರಿ ಹೆಂಡತಿಗೆ ಹೇಳಿದೆ.
ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.
'ನಮ್ಮ ಸೋಮಂಗೆ ಜ್ವರ ಬಂದಾಗ ಸೂಜಿ ಚುಚ್ಚಿದ್ದು ಅವಳೇಯ.
ಅದರ ಕಿವೀಲಿ ಏನೋ ಹೇಳ್ತಾ ಇದ್ಲು,
ಮಗ ನಗ್ತಾ ಇತ್ತು, ಸೂಜಿ ಹೋಗಿದ್ದೇ ತಿಳೀನಿಲ್ಲ.
ಅದು ಅದೆಯಾ ಸಿನಿಮಾದಲ್ಲಿ? ಕೇಳಿದ್ರಾ?'
ಕೇಳಿರಲಿಲ್ಲ.
'ಕೇಳಿ.
ಇದ್ರೆ ನಂಗೂ ಒಂದು ಟಿಕೀಟು.'