ನೊಗ

ಬರ್ರಾ ಎಂಬ ಊರು. ತಾಮ್ರ ಮುಗಿದು ನೂರೈವತ್ತು ವರ್ಷ.
ಇನ್‌ಸ್ಟಿಟ್ಯೂಟ್ ಹಾಲಿನಲ್ಲಿ ಮಂಗಳವಾರ ಸಂಜೆ ಯೋಗ.
ಹಗಲೆಲ್ಲ ಬಿಸಿಲು ಕುಡಿದ ತಗಡಿನ ಮಾಡು
ಟಕ್ ಟಕ್ ಎಂದು ನೆಟಿಗೆ ತೆಗೆಯುತ್ತದೆ.
ಎಂಟು ಚಾಪೆ, ಒಂದು ಕುರ್ಚಿ.
ಕುರ್ಚಿ ಡೆನ್ಜಿಲ್‌ನದು. ಎಪ್ಪತ್ತಾರು ವಯಸ್ಸು.
ದಿನಕ್ಕೆ ಇನ್ನೂರು ಕುರಿಯಂತೆ
ನಲವತ್ತು ವರ್ಷ ಬಗ್ಗಿ ಉಣ್ಣೆ ಕತ್ತರಿಸಿದ ಬೆನ್ನು,
ಈಗ ನೆಟ್ಟಗಾಗು ಎಂದರೆ ಒಪ್ಪದು.

ಕಲಿಸುವವಳು ಜಿಲಿಯನ್. ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುತ್ತಾಳೆ.
"ಐದು ಸಾವಿರ ವರ್ಷದ ವಿದ್ಯೆ," ಎಂದು
ಮಡಿಸಿದ ಹಾಳೆ ನೋಡಿ ಓದಿ
ನನ್ನತ್ತ ತಿರುಗುತ್ತಾಳೆ, ಸಾಕ್ಷಿ ಕೇಳುವಂತೆ.
ನಾನು ಇಲ್ಲಿನ ಆಸ್ಪತ್ರೆಯ ನರ್ಸು, ಮೈಸೂರಿನವಳು;
ಪದ್ಮಾಸನಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು.
ತಲೆಯಾಡಿಸುತ್ತೇನೆ. ನಮ್ಮ ಕಡೆಯ ತಲೆಯಾಟ:
ಹೌದೆಂದವರಿಗೆ ಹೌದು, ಇಲ್ಲವೆಂದವರಿಗೆ ಇಲ್ಲ.

ಹೇಳಬಹುದಿತ್ತು. ನಮ್ಮಜ್ಜ ಕೇರಿಯ ಗರಡಿಯಲ್ಲಿ
ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಸುರಿದು
ಹದ ಮಾಡುತ್ತಿದ್ದವನು.
ಅವನ ಲೆಕ್ಕದಲ್ಲಿ ಯೋಗದ ಚರಿತ್ರೆ ಇಷ್ಟೆ:
ಕಾಡಿನಲ್ಲಿ ಕಣ್ಣು ಮುಚ್ಚಿ ಕೂತವರು ಮೊದಲು;
ಬೂದಿ ಬಳಿದು ಉಸಿರು ಕಟ್ಟಿದ ಜೋಗಿಗಳು ಆಮೇಲೆ,
ಊರಿನವರು ಭಿಕ್ಷೆ ಹಾಕುತ್ತಲೇ
ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು;
ಅದಾದ ಮೇಲೆ ಅರಮನೆಯ ಹಜಾರ, ಚಡ್ಡಿ ತೊಟ್ಟ ಹುಡುಗರು,
ಅರ್ಧ ದಂಡ ಬಸ್ಕಿ, ಅರ್ಧ ಬಿಳಿಯರ ಡ್ರಿಲ್ಲು.
"ಆಮೇಲೆ ಹಡಗು ಹತ್ತಿತು ನೋಡು," ಎನ್ನುತ್ತಿದ್ದ
ಬೀಡಿ ಹಚ್ಚಿ,
ಪ್ರಾಣಾಯಾಮದ ಮಾತು ಅಲ್ಲಿಗೆ ಮುಗಿಸಿ.

ಹಾಲಿನ ಗೋಡೆಯ ಮೇಲೊಂದು ನೊಗ.
ಅದಿರಿನ ಗಾಡಿಗಳನ್ನು ಬಂದರಿಗೆ ಎಳೆದ ಎತ್ತುಗಳದ್ದು.
ಎರಡು ಕೊರಳು ಉಜ್ಜಿ ಉಜ್ಜಿ
ಮರ ಎರಡು ಕಡೆ ಕನ್ನಡಿಯಾಗಿದೆ.
ಡೆನ್ಜಿಲ್‌ನ ಮುತ್ತಜ್ಜನ ಅಪ್ಪ ಕಾರ್ನ್‌ವಾಲಿನಿಂದ ಬಂದು
ತೊರೆಯ ದಂಡೆ ಕೊರೆದು ಗುಹೆಯಲ್ಲಿ ಬಾಳಿದನಂತೆ,
ತಪಸ್ಸಿಗಲ್ಲ,
ಗುಹೆಗೆ ಬಾಡಿಗೆ ಇಲ್ಲವೆಂದು.

ಒಂದು ಸಂಜೆ, ಎಲ್ಲರೂ ಶವಗಳಂತೆ ಮಲಗಿದ್ದಾಗ,
ಡೆನ್ಜಿಲ್ ಕುರ್ಚಿಯಿಂದ ಕೇಳಿದ:
"ಇದೆಲ್ಲ ಯಾತಕ್ಕೆ? ಆ ಪದಕ್ಕೆ ಅರ್ಥವೇನು?"
ಜಿಲಿಯನ್ ಹಾಳೆ ಹುಡುಕಿದಳು.
ನಾನು ಮಲಗಿದಲ್ಲಿಂದಲೇ ಗೋಡೆ ತೋರಿಸಿದೆ. "ಅದು.
ನಿಮ್ಮ ಯೋಕ್, ನಮ್ಮ ನೊಗ, ಈ ಯೋಗ,
ಮೂರಕ್ಕೂ ಒಂದೇ ಬೇರು."
ಅವನು ನಕ್ಕ ನಗೆಗೆ ಕುರ್ಚಿ ಕಿರುಗುಟ್ಟಿತು.
"ಜೀವಮಾನವೆಲ್ಲ ಹೊತ್ತದ್ದು ಸಾಲದೆ?
ಇಳಿಸೋಣವೆಂದು ಬಂದೆನಲ್ಲಮ್ಮಾ!"

ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ.

ಜೂನ್‌ನಲ್ಲಿ ಕುರ್ಚಿ ಖಾಲಿ. ನನ್ನ ವಾರ್ಡಿಗೆ ಬಂದ,
ಎದೆಯಲ್ಲಿ ನೀರು, ಮೂಗಿಗೆ ನಳಿಗೆ.
ರಾತ್ರಿ ಪಾಳಿ. ಕಿಟಕಿಯ ಗಾಜಿಗೆ ಹಿಮ.
"ಎಣಿಸಿಕೊಡು," ಎಂದ. ಒಳಗೆ ನಾಲ್ಕು, ಹೊರಗೆ ಆರು.
ಲಕ್ಷ ಕುರಿ ಎಣಿಸಿದವನು ಉಸಿರು ಎಣಿಸಲು ಹೆಣಗಿದ;
ಮೂರಕ್ಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ.
ಯಾವಾಗಲೋ ಗಮನಿಸಿದೆ, ನನ್ನ ಉಸಿರೂ
ಅವನದರ ಪಕ್ಕಕ್ಕೆ ಬಂದು ಹೆಜ್ಜೆ ಹಾಕುತ್ತಿದೆ.
ಗಾಡಿ ನನ್ನದಲ್ಲ, ದಾರಿಯೂ ಅಲ್ಲ.

ನಡುರಾತ್ರಿ ಕೇಳಿದ: "ನಾಯಿಗೆ ಯಾರು?"
ಹೇಳಿದೆ: ಸೋಮವಾರ ಜಿಲಿಯನ್, ಮಂಗಳವಾರ ಬ್ರೈಯೋನಿ,
ಬುಧವಾರ ಎರಡನೆಯ ಚಾಪೆಯ ಕಿವುಡ ಹೆರಾಲ್ಡ್;
ಹಾಲಿನ ಬಾಗಿಲಿಗೆ ಪಟ್ಟಿ ಅಂಟಿಸಿದ್ದಾರೆ.
ಯೋಗಕ್ಷೇಮ ಎಂಬೊಂದು ಪದ ನಮ್ಮಲ್ಲಿ,
ಕಾಗದದ ಮೊದಲ ಸಾಲಿನಲ್ಲಿ ಬರೆದು ಬರೆದು ಸವೆದದ್ದು.
ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ.

"ಗುರುವಾರ?" ಎಂದ.
ಗುರುವಾರ ನನ್ನದು.
ನಾಯಿ ಕಂಡರೆ ನನಗೆ ಭಯ. ಹೇಳಲಿಲ್ಲ.