ಸಾಲು ನಲವತ್ತೇಳು

ಮಿರಿಯಾದ ದಾರಿಯುದ್ದ ಜೀಪಿನ ಗಾಜಿಗೆ ಕೆಂಧೂಳು.
ನನ್ನ ತೊಡೆಯ ಮೇಲೆ ಕಡತ,
ಕಡತದೊಳಗೆ ನಾನು ಮುಚ್ಚಿ ಬರಬೇಕಾದ
ಸಾಲು ನಲವತ್ತೇಳು:
ಜನನ ನೋಂದಣಿ, ಹನ್ನೊಂದು ಹಳ್ಳಿ,
ಸೈಕಲ್ಲು ಒಂದು, ರಿಜಿಸ್ಟರು ಆರು, ಶಾಯಿ, ಠಸ್ಸೆ,
ಬರೆಯುವವರ ಭತ್ಯೆ ತಿಂಗಳಿಗಿಷ್ಟು.
ಉತ್ತರದ ಯಾವುದೋ ರಾಜಧಾನಿಯಲ್ಲಿ
ಚಳಿಗಾಲದ ಸಂಜೆ ಕೆಲವರು ಕೈ ಎತ್ತಿದರು,
ಕೆಲವರು ಎತ್ತಲಿಲ್ಲ.
ಆದ್ಯತೆಗಳು ಬದಲಾಗಿವೆ ಎಂದು ಪತ್ರ ಬಂತು.
ಬಹಳ ಮರ್ಯಾದೆಯ ಪತ್ರ.

ಮಾಲಮ್ ಉಸ್ಸೇನಿ ಬೇವಿನಡಿ ಚಾಪೆ ಹಾಸಿ ಕಾದಿದ್ದರು.
ನೀರು ಕೊಟ್ಟರು. ಮನೆಯವರು ಹೇಗಿದ್ದಾರೆ,
ದಾರಿ ಹೇಗಿತ್ತು, ದಣಿವು ಹೇಗಿದೆ ಎಂದರು
(ನಮ್ಮಲ್ಲಿ ದಣಿವಿನ ಕ್ಷೇಮವನ್ನೂ ಕೇಳುತ್ತೇವೆ,
ಅದೂ ಜೊತೆಗೆ ಬಂದ ನೆಂಟನೆಂಬಂತೆ).
ಆಮೇಲೆ ಚೀಲ ಬಿಚ್ಚಿದರು.

ಹಣ ನಿಂತದ್ದು ಮಾರ್ಚಿಗೆ.
ರಸೀದಿಗಳು ನವೆಂಬರಿನವರೆಗೆ.

"ಇದೇನು, ಮಾಲಮ್?"
"ಪಂಕ್ಚರು."
"ಇದು?"
"ಅದೂ ಪಂಕ್ಚರೇ.
ಯೋಜನೆ ಮುಗಿದದ್ದು ಮುಳ್ಳಿಗೆ ಗೊತ್ತಿಲ್ಲವಲ್ಲ ಮಗಳೇ."

ರಿಜಿಸ್ಟರು ಜೂನಿನಲ್ಲೇ ತುಂಬಿತ್ತಂತೆ.
ಗೋಡೆಗೆ ಅಂಟಿಸಿ ಎಂದು ನಾವೇ ಕಳಿಸಿದ್ದ
ಬಣ್ಣದ ಭಿತ್ತಿಪತ್ರಗಳ ಸುರುಳಿ ಬಿಡಿಸಿದರು.
ಮುಂದೆ, ನಗುವ ಮಗು, ನಾಲ್ಕು ದಾನಿಗಳ ಲಾಂಛನ,
ಪ್ರತಿ ಮಗುವಿಗೂ ಹೆಸರಿನ ಹಕ್ಕು ಎಂಬ ದಪ್ಪಕ್ಷರ.
ಹಿಂದೆ, ಬಿಳಿಯಲ್ಲಿ, ಗೆರೆ ಎಳೆದು
ಹೆಸರು, ತಾಯಿ, ತಂದೆ, ಹುಟ್ಟಿದ ದಿನ,
ದಿನ ಗೊತ್ತಿಲ್ಲದವರಿಗೆ ಮೊದಲ ಮಳೆಗೆ ಮುಂಚೆ ಎಷ್ಟು ಸಂತೆ ಎಂಬ ಲೆಕ್ಕ.
"ಶಾಯಿ ಎಲ್ಲಿಯದು?"
ಒಲೆಯ ಕಡೆ ಗಲ್ಲ ಎತ್ತಿದರು.
ಮಡಕೆಯ ತಳ ಕೆರೆದದ್ದು, ಜಾಲಿಯ ಗೋಂದು, ಒಂದು ಹನಿ ನೀರು.
ಹುಡುಗರು ಮರದ ಹಲಗೆಯ ಮೇಲೆ ಅಕ್ಷರ ತಿದ್ದುವುದೂ ಅದರಲ್ಲೇ.
ಒಲೆಯ ಮಸಿಯೇ ಓಲೆಯ ಮಸಿ.

ಹಿತ್ತಲಲ್ಲಿ ಮಕ್ಕಳು ಓಡುತ್ತಿದ್ದವು.
ಅವರಲ್ಲೊಬ್ಬ ತೀರ ಚಿಕ್ಕವನು,
ಎಲ್ಲರ ಹಿಂದೆ ಬಿದ್ದೂ ಎದ್ದೂ ಓಡುತ್ತಾನೆ,
ಯಾರೂ ಅವನನ್ನು ಮುಟ್ಟಿ ಔಟು ಮಾಡುವುದಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅವನಿಗದು ಇನ್ನೂ ತಿಳಿದಿಲ್ಲ, ನಗುತ್ತಿದ್ದಾನೆ.

ಶಾಫಾತು ಎಂಬವಳ ಕತೆಯನ್ನು ಮಾಲಮ್ ತಾವಾಗಿ ಹೇಳಲಿಲ್ಲ,
ಚಹಾ ತಂದಿಟ್ಟ ಅವರ ಸೊಸೆ ಹೇಳಿದಳು.
ಗಂಡಿನ ಕಡೆಯವರು ಹದಿನೆಂಟು ಎಂದರಂತೆ, ಎತ್ತರ ತೋರಿಸಿ.
ಅವಳ ತಾಯಿ ಹಾಲಿನ ಪುಡಿಯ ಡಬ್ಬಿಯಿಂದ ಕಾಗದ ತೆಗೆದಳು.
ನ್ಯಾಯಾಧೀಶರು ಎರಡು ಸಲ ಓದಿದರು:
ಹದಿಮೂರು.
ಮದುವೆ ನಿಂತಿತು.
ಎಷ್ಟು ದಿನಕ್ಕೋ ಗೊತ್ತಿಲ್ಲ, ಎಂದಳು ಸೊಸೆ,
ಗ್ಲಾಸು ತೊಳೆಯುತ್ತ.
ಆ ಕಾಗದದ ವೆಚ್ಚ ನನಗೆ ಗೊತ್ತಿತ್ತು. ಭಾಗಾಕಾರ ಮಾಡಿದವಳು ನಾನೇ:
ಒಂದು ಕೋಳಿಮೊಟ್ಟೆಗಿಂತ ತುಸು ಕಡಿಮೆ.

ಹೊರಡುವಾಗ ಸೈಕಲ್ಲನ್ನೂ ಒಪ್ಪಿಸಿದರು.
ಒರೆಸಿಟ್ಟಿದ್ದರು. ಗಂಟೆಯನ್ನು ಬೂದಿ ಹಾಕಿ ಬೆಳಗಿದ್ದರು.
ಅದನ್ನು ಜೀಪಿನ ನೆತ್ತಿಗೆ ಕಟ್ಟಿದೆವು.
ಜಿಂದೇರಿನವರೆಗೂ ಪ್ರತಿ ಹಳ್ಳಕ್ಕೊಮ್ಮೆ ತಲೆಯ ಮೇಲೆ ಟಿಣ್ ಎಂದಿತು.

ರಾತ್ರಿ ಅತಿಥಿಗೃಹ, ಜನರೇಟರಿನ ಗೊಣಗು.
ಪಂಕ್ಚರು, ಹದಿನಾಲ್ಕು: ಅನರ್ಹ ವೆಚ್ಚ.
ಗೋಂದು, ರಸೀದಿಯಿಲ್ಲ: ಅನರ್ಹ.
ಎಂಟು ತಿಂಗಳ ಭತ್ಯೆ: ಅನರ್ಹ; ಅವರು ಕೇಳಿಯೂ ಇರಲಿಲ್ಲ.
ಸಾಲು ಮುಚ್ಚಿತು.
ಷರಾ ಬರೆಯಲು ಒಂದು ಪುಟ್ಟ ಚೌಕ ಉಳಿದಿತ್ತು,
ಅಕ್ಷರಗಳಿಗೆ ಮಿತಿಯಿಟ್ಟು.
ಭಿತ್ತಿಪತ್ರದ ಬೆನ್ನು ನೋಡಿಕೊಂಡು ಒತ್ತತೊಡಗಿದೆ:
ಬಲ್ಕಿಸಾ, ಲಾವಲಿ, ಹುರೇರಾ,
ಯಾಹಾನಸು, ಸಾಹಿರು,
ನಾನಾ ಫಿರ್ದೌ

ಅಲ್ಲಿಗೆ ಚೌಕ ತುಂಬಿತು.
ಉಳಿದ ಒಂದಕ್ಷರವನ್ನು ಅಂಗೈ ಮೇಲೆ ಬರೆದುಕೊಂಡಿದ್ದೇನೆ.
ಬೆಳಗ್ಗೆ ಕೈ ತೊಳೆಯುವ ಮೊದಲು
ಯಾರಿಗಾದರೂ ತೋರಿಸಬೇಕು.